ಕೊನೆಯಿಲ್ಲದ ಶ್ರುತಿ: ರುದ್ರಪಟ್ಟಣದ ತಂಬೂರಿ, ನಾಟಕದ ಹಾರ್ಮೋನಿಯಂ, ಲೂಪ್ ತಂತ್ರಾಂಶ

ಅರಕಲಗೂಡು ತಾಲೂಕಿನ ರುದ್ರಪಟ್ಟಣಕ್ಕೆ ಹೋದವರಿಗೆ ಅಲ್ಲೊಂದು ವಿಚಿತ್ರ ದೇವಸ್ಥಾನ ಕಾಣುತ್ತೆ. ದೂರದಿಂದ ನೋಡಿದರೆ ಯಾರೋ ದೈತ್ಯ ತನ್ನ ತಂಬೂರಿಯನ್ನು ನೆಟ್ಟಗೆ ನಿಲ್ಲಿಸಿ ಕಾವೇರಿಗೆ ಸ್ನಾನಕ್ಕೆ ಹೋದ ಹಾಗಿದೆ. ಸಪ್ತಸ್ವರ ದೇವತಾ ಧ್ಯಾನ ಮಂದಿರ ಅಂತ ಅದರ ಹೆಸರು. ವಿದ್ವಾನ್ ಆರ್.ಕೆ. ಪದ್ಮನಾಭ ಅವರು ತಮ್ಮ ಹುಟ್ಟೂರಿನಲ್ಲಿ ಮುಂದೆ ನಿಂತು ಕಟ್ಟಿಸಿದ್ದು. ಕಟ್ಟಡದ ಆಕಾರವೇ ತಂಬೂರಿ. ವೀಣೆಯಲ್ಲ, ಪಿಟೀಲಲ್ಲ, ಮೃದಂಗವಲ್ಲ... ಕಛೇರಿಯಲ್ಲಿ ಹಿಂದಿನ ಸಾಲಿನಲ್ಲಿ ಕೂತು, ಯಾರ ಚಪ್ಪಾಳೆಯೂ ಸಿಗದೆ, ಒಂದೇ ಮಾತನ್ನು ಮೂರು ಗಂಟೆ ಹೇಳುತ್ತಿರುವ ವಾದ್ಯ!

ಆ ಊರಿಗೆ ಇದು ಸಲ್ಲುವ ಗೌರವ ಬಿಡಿ. ಸಂಕೇತಿಗಳ ಊರು ಅದು, ಮನೆಮನೆಯಲ್ಲೂ ಸಂಗೀತ ಇದ್ದ ಊರು. 1920ರಲ್ಲಿ ಹುಟ್ಟಿ, ಮೈಸೂರು ಬೆಂಗಳೂರಿನ ಆಕಾಶವಾಣಿಗಳಲ್ಲಿ ದುಡಿದು, ತೊಂಬತ್ತು ದಾಟಿದ ಮೇಲೂ ಕಛೇರಿ ಮಾಡಿದ ಆರ್.ಕೆ. ಶ್ರೀಕಂಠನ್ ಈ ಊರಿನವರು (2014ರಲ್ಲಿ ತೀರಿಕೊಂಡರು). ಅವರ ಅಣ್ಣ ಪಿಟೀಲಿನ ವೆಂಕಟರಾಮಾಶಾಸ್ತ್ರಿಗಳು, ರುದ್ರಪಟ್ಟಣಂ ಸಹೋದರರೆಂದೇ ಹೆಸರಾದ ತ್ಯಾಗರಾಜನ್-ತಾರಾನಾಥನ್... ಪಟ್ಟಿ ಉದ್ದವಿದೆ. ಶ್ರೀಕಂಠನ್ ಅವರ ಹಾಡಿಕೆ ಕೇಳಿದವರು ಮೊದಲು ಹೇಳುತ್ತಿದ್ದ ಮಾತೇ ಶ್ರುತಿಶುದ್ಧಿ.

ಈಗ ಹಾಸನದಲ್ಲಿ ಯಾವುದಾದರೂ ಸಂಗೀತದ ಪಾಠದ ಮನೆಗೆ ಹೋಗಿ ನೋಡಿ. ತಂಬೂರಿ ಇದ್ದರೆ ಹಳೇ ಸೀರೆಯ ಗವಸು ಹಾಕಿಕೊಂಡು ಮೂಲೆಯಲ್ಲಿ ಒರಗಿರುತ್ತೆ. ಶ್ರುತಿ ಬರುತ್ತಿರುವುದು ಕಿಟಕಿ ಮೇಲಿಟ್ಟ ಮೊಬೈಲಿನಿಂದ. ಆ ಮೊಬೈಲಿನ ಒಳಗೆ ಇರುವುದು ಕೆಲವೇ ಸೆಕೆಂಡಿನ ಧ್ವನಿ, ಮತ್ತೆ ಮತ್ತೆ ಸುತ್ತುತ್ತಿರುತ್ತೆ. ಅದು ಯಾರ ತಂಬೂರಿ? ಯಾವ ಊರಿನದು? ಯಾರು ಮೀಟಿದ್ದು? ಈ ಪ್ರಶ್ನೆ ಹಿಡಿದುಕೊಂಡು ನಾನು ಹೊರಟದ್ದು ಎಲ್ಲೆಲ್ಲಿಗೋ ಹೋಯಿತು. ಯುರೋಪಿನ ಚರ್ಚುಗಳ ಪೈಪ್ ಆರ್ಗನ್ ತನಕ! ಸ್ವಲ್ಪ ಉದ್ದದ ಬರಹ, ಕಾಫಿ ತಂದಿಟ್ಟುಕೊಂಡು ಓದಿ.

ನಿಲ್ಲದ ಸ್ವರ ಬೇಕು ಅನ್ನುವ ಆಸೆ ಯಂತ್ರಕ್ಕಿಂತ ಬಹಳ ಹಳೆಯದು. ನಮ್ಮ ಕಡೆ ಮದುವೆಯಲ್ಲಿ ಓಲಗದವರನ್ನು ನೋಡಿದ್ದೀರಲ್ಲ, ಅವರಲ್ಲಿ ಒಬ್ಬನ ಕೆಲಸ ಬರೀ ಶ್ರುತಿ ಹಿಡಿಯುವುದು. ನಾಗಸ್ವರದಂಥದೇ ಉದ್ದನೆಯ ಕೊಳವೆ, ಆದರೆ ನುಡಿಸುವುದಕ್ಕೆ ಒಂದೇ ಸ್ವರ. ಕೆನ್ನೆ ಊದಿಸಿಕೊಂಡು ಕೂತವನು ಉಸಿರು ತೆಗೆದುಕೊಳ್ಳುವುದೇ ಇಲ್ಲವೇನೋ ಅನ್ನಿಸುತ್ತೆ. ಗುಟ್ಟು ಇಷ್ಟೇ: ಶ್ವಾಸಕೋಶದ ಗಾಳಿ ಮುಗಿಯುತ್ತ ಬಂದಾಗ ಕೆನ್ನೆಯಲ್ಲಿ ಕೂಡಿಟ್ಟ ಗಾಳಿಯನ್ನು ಒತ್ತುತ್ತಾನೆ, ಅದೇ ಗಳಿಗೆಯಲ್ಲಿ ಮೂಗಿನಿಂದ ಹೊಸ ಉಸಿರು ಎಳೆದುಕೊಳ್ಳುತ್ತಾನೆ. ಹಳೇ ಗಾಳಿ ಇಳಿಯುತ್ತಿರುವಾಗಲೇ ಹೊಸ ಗಾಳಿ ಏರಬೇಕು, ಕೇಳುವವರಿಗೆ ಬೆಸುಗೆ ಗೊತ್ತಾಗಬಾರದು. ಈ ಬೆಸುಗೆಯನ್ನು ನೆನಪಿಟ್ಟುಕೊಳ್ಳಿ, ಗಣಕದಲ್ಲಿ ಮತ್ತೆ ಸಿಗುತ್ತೆ.

ಆಮೇಲೆ ತಿದಿಯ ಕಾಲ ಬಂತು. ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೆಂ ಅನ್ನುವವನು 1840ರ ಸುಮಾರಿಗೆ ಹಾರ್ಮೋನಿಯಂ ಹೆಸರಿನಲ್ಲಿ ಹಕ್ಕು ಪಡೆದ. ಆರ್ಗನ್ನಿನ ದೊಡ್ಡ ಪೈಪುಗಳ ಬದಲು ಸಣ್ಣ ಹಿತ್ತಾಳೆ ರೀಡುಗಳು, ಕಾಲಲ್ಲಿ ತುಳಿಯುವ ತಿದಿ. ಪೈಪ್ ಆರ್ಗನ್ ಕೊಳ್ಳಲಾಗದ ಚಿಕ್ಕ ಚರ್ಚುಗಳಿಗೆ ಇದೇ ಆರ್ಗನ್ ಆಯಿತು. ಕಲ್ಕತ್ತೆಯ ದ್ವಾರಕಾನಾಥ ಘೋಷ್ 1875ರ ಹೊತ್ತಿಗೆ ಅದನ್ನು ನೆಲದ ಮೇಲೆ ಕೂತು ಒಂದು ಕೈಯಲ್ಲಿ ತಿದಿ ಒತ್ತುವ ಹಾಗೆ ಮಾಡಿದ. ಕೀಲಿಮಣೆಯನ್ನೂ ಕಿತ್ತು ಹಾಕಿ ಷಡ್ಜ-ಪಂಚಮ ಮಾತ್ರ ಉಳಿಸಿದರೆ ಅದು ಶ್ರುತಿ ಪೆಟ್ಟಿಗೆ. 

ರೇಡಿಯೋದವರು 1940ರಲ್ಲಿ ಹಾರ್ಮೋನಿಯಂ ಮೇಲೆ ನಿಷೇಧ ಹೇರಿದರು, ಗಮಕ ಬರುವುದಿಲ್ಲ, ಸ್ವರಸ್ಥಾನ ನಮ್ಮದಲ್ಲ ಅಂತ. 1971ರ ತನಕ ಅದು ಸಡಿಲವಾಗಲಿಲ್ಲ. ಆದರೆ ಹೊಳೆನರಸೀಪುರ, ಚನ್ನರಾಯಪಟ್ಟಣದ ಹಳ್ಳಿಗಳಲ್ಲಿ ಈ ನಿಷೇಧವನ್ನು ಯಾರು ಕೇಳಬೇಕು? ಅಲ್ಲಿ ಕುರುಕ್ಷೇತ್ರ ನಾಟಕ ಆಡಿಸುವ ಹಾರ್ಮೋನಿಯಂ ಮೇಷ್ಟ್ರೇ ನಿರ್ದೇಶಕ, ಸಂಗೀತ ಗುರು, ಪ್ರಾಂಪ್ಟರ್, ಎಲ್ಲ. ತಿಂಗಳುಗಟ್ಟಲೆ ಊರಲ್ಲೇ ಇದ್ದು ಹೊಲ ಉಳುವವನ ಬಾಯಲ್ಲಿ ದುರ್ಯೋಧನನ ಕಂದಪದ್ಯ ಹಾಡಿಸುತ್ತಾರೆ. ಇವತ್ತಿಗೂ ಹಾಸನದ ಕಲಾಕ್ಷೇತ್ರದಲ್ಲಿ ಪೌರಾಣಿಕ ನಾಟಕ ಇದ್ದರೆ ರಾತ್ರಿಯೆಲ್ಲ ಜನ ಕೂತಿರುತ್ತಾರೆ. ಮೇಷ್ಟ್ರ ಕಾಲು ಹಾರ್ಮೋನಿಯಂ ಇದೆಯಲ್ಲ, ಅದು ಆ ಚರ್ಚಿನ ಆರ್ಗನ್ನಿನ ನೇರ ದಾಯಾದಿ. ಶಾಸ್ತ್ರೀಯದವರು ಕೈಬಿಟ್ಟದ್ದನ್ನು ಕಾಪಾಡಿದ್ದು ನಾಟಕದವರು ಅಂತ ನನ್ನ ಅಭಿಪ್ರಾಯ. ಒಪ್ಪದವರು ಜಗಳಕ್ಕೆ ಬರಬಹುದು :)

ಇಲ್ಲಿಯ ತನಕ ಗಾಳಿಯ ಕತೆಯಾಯಿತು. ಧ್ವನಿಯನ್ನೇ ಬಳೆಯ ಹಾಗೆ ಸುತ್ತಿಸುವ ಯೋಚನೆ ಬೇರೆ ಕಡೆ ಹುಟ್ಟಿದ್ದು. ಗೀರು ಬಿದ್ದ ಗ್ರಾಮಫೋನ್ ಪ್ಲೇಟು ಒಂದೇ ಮಾತನ್ನು ಹೇಳುತ್ತಿರುತ್ತೆ ನೋಡಿ, ನಮಗೆ ಅದು ಬೈಗುಳ. ಪ್ಯಾರಿಸ್ ರೇಡಿಯೋದ ಪಿಯರ್ ಶೆಫರ್ 1948ರಲ್ಲಿ ಬೇಕೆಂದೇ ಪ್ಲೇಟಿನ ಗೆರೆಯನ್ನು ವೃತ್ತವಾಗಿ ಮುಚ್ಚಿ, ರೈಲಿನ ಸದ್ದಿನಿಂದ ಸಂಗೀತ ಮಾಡಿದ. 1963ರಲ್ಲಿ ಇಂಗ್ಲೆಂಡಿನಲ್ಲಿ ಮೆಲೋಟ್ರಾನ್ ಬಂತು. ಒಂದೊಂದು ಮನೆ ಒತ್ತಿದಾಗಲೂ ಒಂದೊಂದು ಟೇಪಿನ ಪಟ್ಟಿ ಓಡುತ್ತೆ, ಅದರಲ್ಲಿ ನಿಜವಾದ ಕೊಳಲಿನದೋ ಪಿಟೀಲಿನದೋ ಧ್ವನಿ. ಆದರೆ ಟೇಪಿನ ಉದ್ದ ಸುಮಾರು 8 ಸೆಕೆಂಡು, ಅಷ್ಟೇ. ಅದಾದ ಮೇಲೆ ಮೌನ. ಬೆರಳು ಎತ್ತಿ ಮತ್ತೆ ಒತ್ತಬೇಕು. ಸುತ್ತುವ ಟೇಪು ಯಾಕೆ ಹಾಕಲಿಲ್ಲ? ಹಾಕಿದ್ದರೆ ಸ್ವರದ ಆರಂಭ, ಅಂದರೆ ಕೊಳಲಿಗೆ ಗಾಳಿ ತಾಕುವ ಆ ಮೊದಲ 'ಫೂ', ಬೇಕಾದ ಗಳಿಗೆಗೆ ಸಿಗುತ್ತಿರಲಿಲ್ಲ.

ಇದನ್ನು ಬಿಡಿಸಿದ್ದು ಗಣಕ. ಆರಂಭವನ್ನು ಒಂದು ಸಲ ನುಡಿಸು, ಆಮೇಲೆ ನಡುವಿನ ಒಂದು ತುಂಡನ್ನು ಮಾತ್ರ ಸುತ್ತಿಸು, ಬೆರಳು ಎತ್ತಿದಾಗ ಹೊರಗೆ ಬಾ. 1979ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಿಂದ ಬಂದ ಫೇರ್‌ಲೈಟ್ ಯಂತ್ರದಲ್ಲಿ ಒಂದು ಧ್ವನಿಗೆ ಇದ್ದ ಜಾಗ 16 ಕಿಲೋಬೈಟ್. ಒಂದು ಸೆಕೆಂಡಿನ ಆಸುಪಾಸಿನ ಸದ್ದು ಹಿಡಿದರೆ ಹೆಚ್ಚು. ಅಷ್ಟರಲ್ಲಿ ದೀರ್ಘ ಸ್ವರ ನುಡಿಸಬೇಕಾದರೆ ಸುತ್ತಿಸದೆ ಗತಿಯಿಲ್ಲ. ಲೂಪ್ ಅನ್ನುವುದು ಸೊಗಸಿಗೆ ಹುಟ್ಟಿದ್ದಲ್ಲ, ಬಡತನಕ್ಕೆ ಹುಟ್ಟಿದ್ದು.

ಅದೇ 1979ರಲ್ಲಿ ನಮ್ಮ ಬೆಂಗಳೂರಿನಲ್ಲಿ ಇನ್ನೊಂದು ಪೆಟ್ಟಿಗೆ ಹುಟ್ಟಿತು. ಎಚ್ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದ, ಕೊಳಲು ನುಡಿಸುತ್ತಿದ್ದ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿ ಮಾಡಿದರು, ರಾಡೆಲ್ ಹೆಸರಿನಲ್ಲಿ. 1988ರಲ್ಲಿ ಎಲೆಕ್ಟ್ರಾನಿಕ್ ತಬಲವೂ ಬಂತು. ಮೊದಲಿನ ತಂಬೂರಿಯಲ್ಲಿ ಮುದ್ರಿತ ಧ್ವನಿ ಇರಲಿಲ್ಲ, ಸರ್ಕ್ಯೂಟೇ ಸ್ವರವನ್ನು ಹುಟ್ಟಿಸುತ್ತಿತ್ತು. ನಿಜವಾದ ತಂಬೂರಿಯ ಧ್ವನಿಯನ್ನು ಮುದ್ರಿಸಿ ಚಿಪ್ಪಿನಲ್ಲಿಡುವ ಕಾಲ ಆಮೇಲೆ ಬಂದಿದ್ದು. ಎಲೆಕ್ಟ್ರಾನಿಕ್ ಶ್ರುತಿಯನ್ನು ಬೈಯುವವರು ಬಹಳ ಜನ. ನಾನು ಬೈಯುವುದಿಲ್ಲ. ಅರಕಲಗೂಡಿನಲ್ಲಿ ನಮ್ಮ ಸೋದರತ್ತೆ ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರು. ತಂಬೂರಿ ಮೀಟಿಕೊಂಡು, ತಾಳ ಹಾಕಿಕೊಂಡು, ತಪ್ಪು ತಿದ್ದಿಕೊಂಡು, ನಡುವೆ ಒಲೆ ಮೇಲಿನ ಹಾಲನ್ನೂ ನೋಡಬೇಕಾದರೆ ಕೈ ಎಷ್ಟಿರಬೇಕು? "ಆ ಪೆಟ್ಟಿಗೆ ಬಂದ ಮೇಲೆ ಕಣಪ್ಪಾ ನನಗೆ ನನ್ನ ಕೈ ವಾಪಸ್ ಸಿಕ್ಕಿದ್ದು" ಅನ್ನುತ್ತಿದ್ದರು.

ಈಗ ಆರ್ಗನ್ನಿಗೆ ಬರೋಣ. ಯುರೋಪಿನ ಹಳೇ ಚರ್ಚುಗಳಲ್ಲಿ ಸಾವಿರಾರು ಪೈಪುಗಳ ಆರ್ಗನ್ನುಗಳಿವೆ. ಹಲವು ಶಿಥಿಲ, ದುರಸ್ತಿಗೆ ದುಡ್ಡಿಲ್ಲ. 2000ದ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಮಾರ್ಟಿನ್ ಡೈಡ್ ಮಾಡಿದ ಹೌಪ್ಟ್‌ವರ್ಕ್ ಎಂಬ ತಂತ್ರಾಂಶ ಬಂತು, ಆಮೇಲೆ ಮುಕ್ತ ತಂತ್ರಾಂಶವಾಗಿ ಗ್ರ್ಯಾಂಡ್‌ಆರ್ಗ್. ಒಂದು ಆರ್ಗನ್ನಿನ ಪ್ರತಿಯೊಂದು ಪೈಪನ್ನೂ ಬೇರೆಬೇರೆಯಾಗಿ, ಅದೇ ಚರ್ಚಿನೊಳಗೆ ಮುದ್ರಿಸಿ, ಮನೆಯ ಗಣಕದಲ್ಲಿ ನುಡಿಸುವುದು. ಒಂದೇ ಪೈಪನ್ನು ಮುದ್ರಿಸಿ ಮೇಲೆ ಕೆಳಗೆ ಎಳೆದರೆ ಅವರು ಒಪ್ಪುವುದಿಲ್ಲ. ಬೆರಳು ಎತ್ತಿದ ಮೇಲೆ ಚರ್ಚಿನ ಗೋಡೆಗಳಲ್ಲಿ ಸದ್ದು ಅಡಗುವ ಬಾಲವನ್ನೂ ಪ್ರತ್ಯೇಕವಾಗಿ ಇಡುತ್ತಾರೆ.

ಹೀಗೆ ಮುದ್ರಿಸಿದ ಸಾವಿರಾರು ಕಡತಗಳಿಗೆಲ್ಲ ಲೂಪ್ ಹಾಕಬೇಕು. ಅದಕ್ಕೆಂದೇ ಸ್ವೀಡನ್ನಿನ ಲಾರ್ಸ್ ಪಾಲೋ ಬರೆದ ಲೂಪ್‌ಆಡಿಷನೀರ್ ಎಂಬ ಮುಕ್ತ ತಂತ್ರಾಂಶವಿದೆ. ನಾನು ಇಳಿಸಿಕೊಂಡದ್ದು ಇದನ್ನೇ. ಕೆಲಸ ಕೇಳುವುದಕ್ಕೆ ಸುಲಭ: ಧ್ವನಿಯಲ್ಲಿ ಎರಡು ಬಿಂದು ಹುಡುಕು, ಎರಡನೆಯದಕ್ಕೆ ಬಂದಾಗ ಮೊದಲನೆಯದಕ್ಕೆ ಹಾರು. ಆದರೆ ಹಾರಿದ್ದು ಕಿವಿಗೆ ಗೊತ್ತಾಗಬಾರದು. ಎರಡೂ ಕಡೆ ಅಲೆಯ ಎತ್ತರ ಒಂದೇ ಇರಬೇಕು, ಏರುತ್ತಿದ್ದರೆ ಎರಡೂ ಏರುತ್ತಿರಬೇಕು. ಇಲ್ಲದಿದ್ದರೆ ಸುತ್ತಿಗೊಂದು 'ಟಕ್'. ಸಿಡಿಯ ಲೆಕ್ಕದಲ್ಲಿ ಒಂದು ಸೆಕೆಂಡಿಗೆ 44100 ಬಿಂದುಗಳು. ಸೆಕೆಂಡಿಗೆ 440 ಸಲ ಕಂಪಿಸುವ ಸ್ವರ ತೆಗೆದುಕೊಂಡರೆ ಒಂದು ಕಂಪನಕ್ಕೆ 100 ಬಿಂದು ಮತ್ತು ಚಿಲ್ಲರೆ. ಆ ಚಿಲ್ಲರೆಯೇ ತಲೆನೋವು, ಅರ್ಧ ಬಿಂದುವಿಗೆ ಹಾರುವ ಹಾಗಿಲ್ಲ. 22 ಕಂಪನ ಸೇರಿಸಿದರೆ ಸರಿಯಾಗಿ 2205 ಬಿಂದು, ಚಿಲ್ಲರೆ ಇಲ್ಲ! ಆದರೆ ಅದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ. ಅಷ್ಟು ಚಿಕ್ಕ ತುಂಡು ಸುತ್ತಿದರೆ ಸ್ವರ ಸತ್ತುಹೋಗುತ್ತೆ, ಫ್ರಿಜ್ಜಿನ ಗುಂಯ್ ಕೇಳಿದ ಹಾಗೆ. ಗಾಳಿಯ ಉಸಿರಾಟ, ಸಣ್ಣ ಏರಿಳಿತ ಎಲ್ಲ ಉಳಿಯಬೇಕಾದರೆ ಒಂದೆರಡು ಸೆಕೆಂಡಿನ ಮೇಲಿನ ಲೂಪ್ ಬೇಕು.

ತಂತ್ರಾಂಶ ತಾನೇ ಹುಡುಕಿ ಹತ್ತಾರು ಜೋಡಿ ಬಿಂದುಗಳನ್ನು ಕೊಡುತ್ತೆ, ನಾವು ಕೂತು ಕೇಳಿ ಆರಿಸಬೇಕು. ಪೂರ್ತಿ ಹೊಂದದಿದ್ದರೆ ಕ್ರಾಸ್‌ಫೇಡ್, ಅಂದರೆ ಹಳೆಯದು ಇಳಿಯುತ್ತಿರುವಾಗಲೇ ಹೊಸದು ಏರುವುದು. ಓಲಗದವನ ಕೆನ್ನೆ ನೆನಪಾಯಿತೇ? ಅದೇ ಕೆಲಸ! ಸಿಕ್ಕ ಬಿಂದುಗಳನ್ನು ವೇವ್ ಕಡತದ ಒಳಗೇ ಬರೆದಿಡಲು ಒಂದು ಜಾಗವಿದೆ, ಸ್ವರ ಯಾವುದು, ಎಷ್ಟು ಚೂರು ಏರಿದೆ ಇಳಿದಿದೆ ಅನ್ನುವುದನ್ನೂ ಅಲ್ಲೇ ಬರೆಯಬಹುದು. ಕಡತ ಎಲ್ಲಿಗೆ ಹೋದರೂ ತನ್ನ ಶ್ರುತಿಯನ್ನು ತಾನೇ ಹೊತ್ತುಕೊಂಡು ಹೋಗುತ್ತೆ.

ಇದನ್ನು ಹೊಳೆನರಸೀಪುರದ ಕಡೆಯ ಒಬ್ಬ ಮೇಷ್ಟ್ರ ಕಾಲು ಹಾರ್ಮೋನಿಯಂ ಮೇಲೆ ಮಾಡಿ ನೋಡಿದೆ. ಮೇಷ್ಟ್ರಿಗೆ ಎಪ್ಪತ್ತು ದಾಟಿದೆ. "ಏನ್ ಸಾ, ನಮ್ ಪೆಟ್ಟಿಗೇನ ಕಂಪ್ಯೂಟರೊಳಕ್ಕೆ ಹಾಕ್ತೀರಾ? ಹಾಕಿ ಹಾಕಿ. ಆದ್ರೆ ಆ ಎರಡನೇ ಕರೀ ಮನೆ ಒಂದ್ ಚೂರು ಇಳಿದದೆ. ಅದನ್ನ ಸರಿ ಮಾಡ್ಬೇಡಿ, ಹಂಗೇ ಹಾಕಿ. ನಮ್ ಭೀಮ ಹಾಡಾದು ಅದ್ರಲ್ಲೇ" ಅಂದರು. ಒಂದೊಂದು ಮನೆಯನ್ನೂ ಹನ್ನೆರಡು ಸೆಕೆಂಡು ಒತ್ತಿಸಿದೆವು. ರೀಡು ಸ್ಥಿರ, ಆದರೆ ಮೇಷ್ಟ್ರ ಕಾಲು ತುಳಿದಾಗ ಗಾಳಿ ಒಂದು ಚೂರು ಉಬ್ಬುತ್ತೆ, ಎತ್ತಿದಾಗ ತಗ್ಗುತ್ತೆ. ಒಂದು ತುಳಿತದ ಉಬ್ಬಿನಿಂದ ಇನ್ನೊಂದು ತುಳಿತದ ಅದೇ ಉಬ್ಬಿಗೆ ಹಾರಿಸಿದರೆ ಲೂಪ್ ಅಂತ ಗೊತ್ತೇ ಆಗುವುದಿಲ್ಲ. ಮೇಷ್ಟ್ರ ಕಾಲು ಕೂಡ ಕಡತದೊಳಗೆ ಬಂತು! ಎರಡನೇ ಕರಿ ಮನೆ ಇಳಿದಿದ್ದಷ್ಟೇ ಇಳಿದಿದೆ.

ತಂಬೂರಿ ಹಾಗೆ ಬಗ್ಗುವುದಿಲ್ಲ. ಹಾರ್ಮೋನಿಯಮ್ಮಿನ ಸ್ವರ ಒತ್ತಿದಷ್ಟು ಹೊತ್ತು ನಿಲ್ಲುತ್ತೆ, ತಂಬೂರಿಯದು ಮೀಟಿದ ಗಳಿಗೆಯಿಂದಲೇ ಸಾಯಲು ಶುರು. ಸಾಯುತ್ತ ಸಾಯುತ್ತ ಬಣ್ಣ ಬದಲಿಸುತ್ತೆ. ಸಿ.ವಿ. ರಾಮನ್ ಇದರ ಬಗ್ಗೆ 1921ರಲ್ಲೇ ಬರೆದಿದ್ದಾರೆ. ತಂತಿಯನ್ನು ಒಂದು ಬಿಂದುವಿನಲ್ಲಿ ಮೀಟಿದರೆ, ಆ ಬಿಂದುವಿನಲ್ಲಿ ಅಲುಗಾಡದೆ ನಿಲ್ಲುವ ಉಪಸ್ವರಗಳು ಕೇಳಬಾರದು ಅನ್ನುವುದು ಯುರೋಪಿನ ನಿಯಮ. ತಂಬೂರಿ, ವೀಣೆಗಳಲ್ಲಿ ಅವು ಕೇಳುತ್ತವೆ, ಜೋರಾಗಿಯೇ! ಕಾರಣ ಅಗಲವಾದ ಬಾಗಿದ ಕುದುರೆ, ತಂಬೂರಿಯಲ್ಲಿ ಅದರ ಮೇಲೆ ತಂತಿಯ ಅಡಿ ತೂರಿಸುವ ನೂಲಿನ ಎಳೆ. ತಂತಿ ಕುದುರೆಯನ್ನು ಸವರುತ್ತ ಅಲುಗುತ್ತೆ. ನೂಲನ್ನು ಕೂದಲೆಳೆಯಷ್ಟು ಸರಿಸಿದರೆ ಝೇಂಕಾರ ಬರುತ್ತೆ, ಇನ್ನೊಂದು ಕೂದಲೆಳೆ ಸರಿಸಿದರೆ ಹೋಗುತ್ತೆ.

ಅದಕ್ಕೇ ತಂಬೂರಿಗೆ ಲೂಪ್ ಹಾಕಲು ಪಂಚಮ, ಸಾರಣಿ, ಅನುಸಾರಣಿ, ಮಂದ್ರ ನಾಲ್ಕೂ ತಂತಿಯ ಇಡೀ ಸುತ್ತನ್ನೇ ತೆಗೆದುಕೊಳ್ಳಬೇಕು. ಅದರಲ್ಲೂ ಮೊದಲ ಸುತ್ತು ಉಪಯೋಗವಿಲ್ಲ. ಆಗ ಪಂಚಮ ಮೀಟುವಾಗ ಹಿಂದೆ ಬರೀ ಮೌನ ಇರುತ್ತೆ. ಸುತ್ತು ಮುಗಿದು ಮತ್ತೆ ಪಂಚಮಕ್ಕೆ ಬರುವಾಗ ಮಂದ್ರ ಷಡ್ಜದ ಬಾಲ ಇನ್ನೂ ಗುನುಗುತ್ತಿರುತ್ತೆ. ಎರಡನ್ನೂ ಬೆಸೆದರೆ ಬಾಲ ಕತ್ತರಿಸಿದ ಹಾಗೆ. ನಾಲ್ಕೈದು ಸುತ್ತು ಮೀಟಿ, ಇಡೀ ಕೊಡ ತುಂಬಿದ ಮೇಲೆ ಒಂದು ಪಂಚಮದಿಂದ ನಾಲ್ಕಾರು ಸುತ್ತು ಆಚೆಯ ಪಂಚಮಕ್ಕೆ ಹಾರಬೇಕು. ಮೀಟುವವರ ಕೈ ಸಮ ಇರಬೇಕು. ಸೋದರತ್ತೆಯ ಕೈ ಇನ್ನೂ ಗಡಿಯಾರ.

ಬೇರೆ ದಾರಿಯೂ ಇದೆ. ಒಂದೊಂದು ತಂತಿಯನ್ನೂ ಬೇರೆಯಾಗಿ ಮುದ್ರಿಸಿ, ಗಣಕ ಒಂದಾದ ಮೇಲೊಂದು ಮೀಟಿದ ಹಾಗೆ ನುಡಿಸುವುದು. ವೇಗ ಬದಲಿಸಬಹುದು, ಮಧ್ಯಮ ಶ್ರುತಿಗೆ ತಿರುಗಿಸಬಹುದು. ಆದರೆ ಒಂದು ತಂತಿ ಮೀಟಿದಾಗ ಉಳಿದ ಮೂರೂ ನಡುಗುವ ನಡುಕ ಹೋಗುತ್ತೆ. ಎರಡನ್ನೂ ಮಾಡಿ ಪಕ್ಕಪಕ್ಕ ಕೇಳಿಸಿದೆ. ಅತ್ತೆ ಎರಡನೆಯದನ್ನು ಕೇಳಿ "ನಾಲ್ಕು ಜನ ಒಂದೇ ಮನೇಲಿದ್ದಾರೆ, ಮಾತಾಡ್ತಿಲ್ಲ" ಅಂದರು.

ನನ್ನ ತಕರಾರು ಇರುವುದು ಯಂತ್ರದ ಮೇಲಲ್ಲ, ಹೆಸರಿಲ್ಲದಿರುವುದರ ಮೇಲೆ. ಆರ್ಗನ್ನಿನವರ ಒಂದು ಸ್ಯಾಂಪಲ್ ಸೆಟ್ ತೆರೆದರೆ ಚರ್ಚಿನ ಹೆಸರು, ಊರು, ಕಟ್ಟಿದ ಕುಶಲಕರ್ಮಿಯ ಹೆಸರು, ಇಸವಿ, ಯಾವಾಗ ದುರಸ್ತಿಯಾಯಿತು, ಮೈಕ್ ಎಲ್ಲಿಟ್ಟರು, ಎಲ್ಲ ಬರೆದಿರುತ್ತಾರೆ. ಆರ್ಗನ್ ಅಂದರೆ ಅವರಿಗೆ ಯಾವುದೋ ಒಂದು ಆರ್ಗನ್ ಅಲ್ಲ, ಈ ಆರ್ಗನ್. ನನ್ನ ಮೊಬೈಲಿನಲ್ಲಿ ಹಾಕಿಕೊಂಡು ನೋಡಿದ ತಂಬೂರಿ ತಂತ್ರಾಂಶಗಳಲ್ಲಿ ಬಹುಪಾಲು 'ತಂಬೂರಿ 1', 'ತಂಬೂರಿ 2', ಹೆಚ್ಚೆಂದರೆ 'ಗಂಡು', 'ಹೆಣ್ಣು'. ಹಲಸಿನ ಮರದ್ದೋ, ಸೋರೆ ಬುರುಡೆಯದೋ, ತಂಜಾವೂರಿನದೋ, ಮೀರಜಿನದೋ, ತಿಳಿಯುವ ಹಾಗಿಲ್ಲ. ಊರೂರಿನ ಮಕ್ಕಳು ಬೆಳಗ್ಗೆ ಎದ್ದು ಅದೇ ಕೆಲವು ಸೆಕೆಂಡಿಗೆ ಗಂಟಲು ಸೇರಿಸುತ್ತಿದ್ದಾರೆ. ಹಾಸನ ಜಿಲ್ಲೆಯಲ್ಲಿ ಒಂದು ಊರಿನ ತುಂಬ ತಂಬೂರಿ ಇತ್ತು, ಒಂದೊಂದು ಮನೆಯದೂ ಒಂದೊಂದು ನಾದ. ಅವುಗಳಲ್ಲಿ ಒಂದರ ಹೆಸರನ್ನಾದರೂ ನಾನು ಯಾವ ಪಟ್ಟಿಯಲ್ಲೂ ಕಂಡಿಲ್ಲ.

ಇನ್ನೊಂದು ಸಂಗತಿ ಯಾವ ತಂತ್ರಾಂಶಕ್ಕೂ ಸಿಗುವುದಿಲ್ಲ. ಗುರುವಿನ ಹಿಂದೆ ತಂಬೂರಿ ಹಿಡಿದು ಕೂರುವುದು ಒಂದು ಜಾಗ. ಹಾಡುವ ಹಾಗಿಲ್ಲ, ಏಳುವ ಹಾಗಿಲ್ಲ. ಗುರು ಎಲ್ಲಿ ಉಸಿರು ತೆಗೆದುಕೊಂಡರು, ಪಿಟೀಲಿನವರಿಗೆ ಹೇಗೆ ದಾರಿ ಬಿಟ್ಟರು, ಗಂಟಲು ಕೈಕೊಟ್ಟಾಗ ಏನು ಮಾಡಿದರು ಅನ್ನುವುದು ಅಲ್ಲಿ ಕೂತವರಿಗೆ ಮಾತ್ರ ಕಾಣುತ್ತೆ. ಅತ್ತೆ ಹದಿನಾಲ್ಕನೇ ವಯಸ್ಸಿನಿಂದ ಅಲ್ಲಿ ಕೂತವರು. ಪೆಟ್ಟಿಗೆ ಅವರಿಗೆ ಕೈ ವಾಪಸ್ ಕೊಟ್ಟಿತು ಅಂದೆನಲ್ಲ, ಆದರೆ ಅವರ ಶಿಷ್ಯೆಯರಲ್ಲಿ ಹಾಗೆ ಹಿಂದೆ ಕೂತು ಕಲಿತವರು ಯಾರೂ ಇಲ್ಲ. ಕೂರುವ ಜಾಗದಲ್ಲಿ ಈಗ ಪೆಟ್ಟಿಗೆ ಇದೆ. ಓಲಗದ ಶ್ರುತಿ ಹಿಡಿಯುವವನ ಜಾಗದಲ್ಲೂ ಅಷ್ಟೇ. ಮಗ ಅಪ್ಪನ ಪಕ್ಕ ಶ್ರುತಿ ಊದುತ್ತಲೇ ನಾಗಸ್ವರಕ್ಕೆ ಬರುತ್ತಿದ್ದ, ಈಗ ಬ್ಯಾಟರಿ ಪೆಟ್ಟಿಗೆಗೆ ಹಗ್ಗ ಕಟ್ಟಿ ಹೆಗಲಿಗೆ ಹಾಕಿಕೊಂಡಿರುತ್ತಾರೆ.

ಇಷ್ಟು ತಿಳಿದ ಮೇಲೆ ಕೈಕಟ್ಟಿ ಕೂರಲಾಗಲಿಲ್ಲ. ಸದ್ಯಕ್ಕೆ ನನ್ನ ಗಣಕದಲ್ಲಿ ಒಂದು ಹಾರ್ಮೋನಿಯಂ, ಎರಡು ತಂಬೂರಿ ಇವೆ. ಅತ್ತೆಯದು ಐದು ಮನೆ ಶ್ರುತಿ, ಹಲಸಿನ ಕೊಡ, ಅದಕ್ಕೊಂದು ಬಿರುಕು, ಬಿರುಕಿನ ಸದ್ದೂ ಇದೆ. ಇನ್ನೊಂದು ಹಾಸನದ್ದು, ಒಂದೂವರೆ ಮನೆ. ಕಡತದ ಹೆಸರಿನಲ್ಲೇ ಊರು, ಶ್ರುತಿ, ಮೀಟಿದ ದಿನ ಬರೆದಿದ್ದೇನೆ. ನಿಮ್ಮ ಮನೆಯಲ್ಲಿ ಗವಸಿನೊಳಗೆ ತಂಬೂರಿ ಇದ್ದರೆ ನೀವೂ ಮಾಡಬಹುದು. ಹೊಸ ತಂತಿ ಹಾಕಿದ ಎರಡು ದಿನದ ಮೇಲೆ, ತಂತಿ ಎಳೆದು ನಿಂತ ಮೇಲೆ ಮುದ್ರಿಸಿ. ಫ್ಯಾನ್ ಆರಿಸಿ. ಮೈಕನ್ನು ಕೊಡದ ಬಾಯಿಗಲ್ಲ, ಮೀಟುವವರ ಕಿವಿ ಎಲ್ಲಿರುತ್ತೋ ಅಲ್ಲಿಡಿ. ಎಂಪಿ3 ಬೇಡ, ವೇವ್ ಇರಲಿ. ಎಂಪಿ3 ಮಾಡುವಾಗ ಕಡತದ ಎರಡೂ ತುದಿಗೆ ಒಂದಿಷ್ಟು ಮೌನ ಸೇರಿಕೊಂಡು ಬೆಸುಗೆ ಹೋಗುತ್ತೆ. ಕೊನೆಯ ಸಲ ಮೀಟಿದ ಮೇಲೆ ಪೂರ್ತಿ ಅಡಗುವ ತನಕ ಯಾರೂ ಮಾತಾಡಬೇಡಿ, ಆ ಬಾಲವೂ ಬೇಕು.

ಚನ್ನರಾಯಪಟ್ಟಣದಲ್ಲಿ ಒಂದು ಹಳೇ ತಂಬೂರಿ ಇದೆ ಅಂತ ಸುದ್ದಿ ಸಿಕ್ಕಿದೆ. ಅನುಸಾರಣಿಯ ಬಿರಡೆ ಜಾರುತ್ತಂತೆ, ಬಡಗಿಗೆ ಕೊಟ್ಟಿದ್ದಾರೆ. ಬಿರಡೆ ಬಂದ ಭಾನುವಾರ ನಾನು, ಅತ್ತೆ ಬಸ್ಸು ಹತ್ತುತ್ತೇವೆ.